ತುಮಕೂರು ಸೀಮೆಯಲ್ಲಿ ಈವೆಂಟಿಂಗ್ ಮೈದಾನ: ನೆಲ ನೋಡುವುದರಿಂದ ಮೊದಲ ಸ್ಪರ್ಧೆಯವರೆಗೆ

2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಈವೆಂಟಿಂಗ್‌ನಲ್ಲಿ, ಅಂದರೆ ಒಂದೇ ಕುದುರೆಯ ಮೇಲೆ ಮೂರು ಬಗೆಯ ಪರೀಕ್ಷೆ ಎದುರಿಸುವ ಸವಾರಿ ಸ್ಪರ್ಧೆಯಲ್ಲಿ, ಬೆಳ್ಳಿ ಗೆದ್ದರು. ಏಷ್ಯನ್ ಕೂಟದ ಕುದುರೆ ಸವಾರಿಯಲ್ಲಿ ಭಾರತೀಯರೊಬ್ಬರಿಗೆ ವೈಯಕ್ತಿಕ ಪದಕ ಬಂದದ್ದು 1982ರ ದೆಹಲಿ ಕೂಟದ ನಂತರ ಅದೇ ಮೊದಲು. ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಅವರು 23ನೆಯವರಾಗಿ ಮುಗಿಸಿದರು. ಆಮೇಲೆ ಬೆಂಗಳೂರಿನ ಸುತ್ತ ಸವಾರಿ ಶಾಲೆಗಳು ಹೆಚ್ಚಿದವು. ಆದರೆ ಈ ಆಟಕ್ಕೆ ಬೇಕಾದ ಏರು ತಗ್ಗು, ಬದು, ಹಳ್ಳ, ಮರದ ನೆರಳು, ಮೈ ಚಾಚಿ ಓಡುವಷ್ಟು ಬಯಲು ನಗರದಲ್ಲಿ ಸಿಗುವುದಿಲ್ಲ. ಅವೆಲ್ಲ ಇರುವುದು ನಮ್ಮ ಕುಣಿಗಲ್, ಗುಬ್ಬಿ, ತುರುವೇಕೆರೆ, ಕೊರಟಗೆರೆ ಕಡೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕುತ್ತ ಬಂದ ಕುಣಿಗಲ್ ಸ್ಟಡ್ ಫಾರ್ಮ್ ಇರುವ ಜಿಲ್ಲೆ ಇದು. ಇಲ್ಲಿ ಹುಟ್ಟಿದ ಕುದುರೆಗಳು ರೇಸ್ ಕೋರ್ಸಿಗೆ ಹೋದವು. ಊರಿನ ಮಕ್ಕಳು ಮಾತ್ರ ಕಾಂಪೌಂಡಿನ ಹೊರಗೇ ಉಳಿದರು.

ಹಳ್ಳಿಯಲ್ಲಿ ಒಂದು ಈವೆಂಟಿಂಗ್ ಮೈದಾನವನ್ನೂ ಅದರ ಸುತ್ತ ಒಂದು ಸವಾರರ ಬಳಗವನ್ನೂ ಕಟ್ಟಬೇಕೆನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಒತ್ತಿ ಹೇಳುವುದು ಕೆಲಸದ ಕ್ರಮದ ಬಗ್ಗೆ. ನೆಲ ಮೊದಲು, ಜನ ಆಮೇಲೆ, ಕುದುರೆ ಮೂರನೆಯದು, ಜಂಪುಗಳು (ಕುದುರೆ ಹಾರಿ ದಾಟುವ ತಡೆಗಳು) ಕಟ್ಟಕಡೆಗೆ. ದುಡ್ಡಿದ್ದವರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಕುದುರೆ ತರುತ್ತಾರೆ, ಬಣ್ಣಬಣ್ಣದ ಜಂಪು ಕಟ್ಟುತ್ತಾರೆ, ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕುದುರೆಯ ಕಾಲು ಕೆಟ್ಟಿರುತ್ತದೆ, ನೋಡಿಕೊಳ್ಳುವವರು ಬಿಟ್ಟು ಹೋಗಿರುತ್ತಾರೆ.

ಆಟ ಯಾವುದು, ಎಷ್ಟು ಜಾಗ ಬೇಕು

ಈವೆಂಟಿಂಗ್ ಸೈನ್ಯದ ಕುದುರೆಗಳ ಪರೀಕ್ಷೆಯಾಗಿ ಶುರುವಾಯಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಬಂದಾಗ ಸೇನಾಧಿಕಾರಿಗಳಿಗೆ ಮಾತ್ರ ಪ್ರವೇಶವಿತ್ತು. 1964ರಲ್ಲಿ ಮಹಿಳೆಯರಿಗೂ ಬಾಗಿಲು ತೆರೆಯಿತು; ಇಂದು ಗಂಡಸರು ಹೆಂಗಸರು ಒಂದೇ ಪಟ್ಟಿಯಲ್ಲಿ, ಸರಿಸಮನಾಗಿ ಸ್ಪರ್ಧಿಸುವ ಕೆಲವೇ ಒಲಿಂಪಿಕ್ ಆಟಗಳಲ್ಲಿ ಕುದುರೆ ಸವಾರಿಯೂ ಒಂದು. ಹೆಣ್ಣುಮಕ್ಕಳನ್ನು ಕಳಿಸಲು ಹಿಂದೆಮುಂದೆ ನೋಡುವ ಅಪ್ಪ ಅಮ್ಮಂದಿರಿಗೆ ಇದನ್ನು ಹೇಳಿ.

ಒಂದೇ ಕುದುರೆ, ಒಬ್ಬರೇ ಸವಾರರು, ಮೂರು ಪರೀಕ್ಷೆ. ಡ್ರೆಸಾಜ್‌ನಲ್ಲಿ ಕುದುರೆಯ ವಿಧೇಯತೆ, ನಡಿಗೆಯ ಚೊಕ್ಕತನ ನೋಡುತ್ತಾರೆ. ಕ್ರಾಸ್ ಕಂಟ್ರಿಯಲ್ಲಿ ಬಯಲಿನಲ್ಲಿ ಓಡುತ್ತ ನೆಲಕ್ಕೆ ಕಚ್ಚಿ ನಿಂತ ತಡೆಗಳನ್ನು ದಾಟಬೇಕು. ಶೋ ಜಂಪಿಂಗ್‌ನಲ್ಲಿ ತಾಗಿದರೆ ಬೀಳುವ ಕಂಬಗಳು. ಡ್ರೆಸಾಜ್‌ನ ಶೇಕಡಾ ಅಂಕವನ್ನು ನೂರರಿಂದ ಕಳೆದರೆ ದಂಡಾಂಕ ಸಿಗುತ್ತದೆ. ಕ್ರಾಸ್ ಕಂಟ್ರಿಯಲ್ಲಿ ಕುದುರೆ ಒಂದು ತಡೆಯ ಮುಂದೆ ನಿಂತುಬಿಟ್ಟರೆ 20, ಅದೇ ತಡೆಯಲ್ಲಿ ಮತ್ತೆ ನಿಂತರೆ 40, ಮೂರನೇ ಸಲಕ್ಕೆ ಸ್ಪರ್ಧೆಯಿಂದ ಹೊರಗೆ. ನಿಗದಿತ ಸಮಯ ಮೀರಿದ ಪ್ರತಿ ಸೆಕೆಂಡಿಗೆ 0.4. ಶೋ ಜಂಪಿಂಗ್‌ನಲ್ಲಿ ಕಂಬ ಬಿದ್ದರೆ 4. ಕೊನೆಗೆ ದಂಡಾಂಕ ಕಡಿಮೆ ಇದ್ದವರು ಗೆದ್ದಂತೆ.

ಹೊಸಬರ ಮಟ್ಟದ ಮೈದಾನಕ್ಕೆ 12ರಿಂದ 15 ಎಕರೆ ಇದ್ದರೆ ಚೆನ್ನಾಗಿ ನಡೆಯುತ್ತದೆ. ಡ್ರೆಸಾಜ್ ಅರೀನಾ 20 ಮೀಟರ್ ಅಗಲ, 40 ಅಥವಾ 60 ಮೀಟರ್ ಉದ್ದ. ಜಂಪಿಂಗ್ ಅರೀನಾಗೆ ಒಂದು ಎಕರೆ ಎತ್ತಿಡಿ. ಲಾಯ, ಮೇವಿನ ಮನೆ, ಗಾಡಿಗಳ ಜಾಗ, ಕುದುರೆ ಬಿಡುವ ಆವರಣ ಸೇರಿ ನಾಲ್ಕು ಎಕರೆ. ಉಳಿದದ್ದು ಕ್ರಾಸ್ ಕಂಟ್ರಿಗೆ.

ಜಮೀನು ನೋಡುವ ಬಗೆ

ಜಮೀನನ್ನು ಎರಡು ಸಲ ನೋಡಬೇಕು. ಒಮ್ಮೆ ಅಕ್ಟೋಬರಿನ ದೊಡ್ಡ ಮಳೆ ಬಿದ್ದ ಮಾರನೇ ದಿನ, ಇನ್ನೊಮ್ಮೆ ಏಪ್ರಿಲ್ ಮಧ್ಯಾಹ್ನ. ಮಳೆಯ ಮಾರನೇ ದಿನ ಬರಿಗಾಲಲ್ಲಿ ನಡೆದರೆ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೊರೆದುಕೊಂಡು ಹೋಗುತ್ತದೆ ಎಂದು ಗೊತ್ತಾಗುತ್ತದೆ. ಏಪ್ರಿಲ್‌ನಲ್ಲಿ ಕೈಯಲ್ಲಿ ಒಂದು ಹಾರೆ ಹಿಡಿದು ಹೋಗಿ, ಎತ್ತಿ ಬಿಡಿ. ನಮ್ಮ ಕೆಂಪು ಮಣ್ಣು ಒಣಗಿದಾಗ ಸಿಮೆಂಟಿನಷ್ಟೇ ಗಟ್ಟಿ. ಹಾರೆ ಎರಡು ಬೆರಳೂ ಇಳಿಯದೆ ಠಣ್ ಎಂದರೆ, 450 ಕೆ.ಜಿ. ತೂಕದ ಕುದುರೆ ಜಂಪು ಮಾಡಿ ಅಲ್ಲಿ ಇಳಿದಾಗ ಆ ಪೆಟ್ಟೆಲ್ಲ ಮುಂಗಾಲಿನ ಸ್ನಾಯುರಜ್ಜುಗಳಿಗೆ ಹೋಗುತ್ತದೆ ಎಂದು ತಿಳಿಯಿರಿ. ಅಂಥ ಜಮೀನು ಬೇಡವೆಂದಲ್ಲ, ಅದನ್ನು ಹದಗೊಳಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಗರಸು ಬೆರೆತ, ಸಣ್ಣ ಇಳಿಜಾರಿನ ಮಣ್ಣು ಸಿಕ್ಕರೆ ಬಿಡಬೇಡಿ. ಶಿರಾ, ಪಾವಗಡದ ಕಡೆ ಅಲ್ಲಲ್ಲಿ ಸಿಗುವ ಎರೆ ಮಣ್ಣು ಮಳೆಯಲ್ಲಿ ಜಾರುತ್ತದೆ, ಬಿಸಿಲಲ್ಲಿ ಬಿರಿಯುತ್ತದೆ. ಈ ಕೆಲಸಕ್ಕೆ ಆಗುವುದಿಲ್ಲ.

ಹೆಜ್ಜೆ ಹೆಜ್ಜೆಗೂ ಕಣ್ಣಿಡಬೇಕಾದ ಅಪಾಯಗಳಿವೆ. ಬತ್ತಿಹೋದ ಕೊಳವೆಬಾವಿಯ ತೆರೆದ ಬಾಯಿ, ಕಟ್ಟೆಯಿಲ್ಲದ ಹಳೆಯ ಬಾವಿ, ಹೆಗ್ಗಣದ ಬಿಲ, ಹಂದಿಗೆಂದು ಪಕ್ಕದ ಹೊಲದವರು ಎಳೆದ ಕರೆಂಟ್ ತಂತಿ, ಉರುಳು. ಇವನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ. ಹುತ್ತವಿದ್ದರೆ ಕೆಡವಬೇಡಿ; ಊರವರು ತನಿ ಎರೆಯುವ ಹುತ್ತವನ್ನು ಬಳಸಿಕೊಂಡು ಓಟದ ದಾರಿ ತಿರುಗಲಿ. ನಾಗರಕಲ್ಲು, ಅರಳಿಕಟ್ಟೆಗಳಿಗೂ ಇದೇ ಮಾತು.

ಕಲ್ಲುಕಂಬಕ್ಕೆ ಮುಳ್ಳುತಂತಿ ಬಿಗಿದ ಬೇಲಿ ನಮ್ಮ ಕಡೆ ಎಲ್ಲೆಲ್ಲೂ ಇದೆ. ಬೆದರಿ ಓಡುವ ಕುದುರೆಗೆ ಅದು ಕಾಣುವುದಿಲ್ಲ, ತೊಗಲು ಕಿತ್ತುಬಿಡುತ್ತದೆ. ಕಲ್ಲುಕಂಬ ಇರಲಿ, ಮುಳ್ಳುತಂತಿ ತೆಗೆಸಿ. ಒಳಮಗ್ಗುಲಿಗೆ ನೀಲಗಿರಿ ಗಳುಗಳನ್ನು ಅಡ್ಡಲಾಗಿ ಎರಡು ಸಾಲು ಕಟ್ಟಿ. ಬೇಲಿಗೆಂದು ಕಣಗಿಲೆ ನೆಡುವ ಅಭ್ಯಾಸ ಹಲವರಿಗಿದೆ. ಅದರ ಎಲೆ ಕುದುರೆಗೆ ಪ್ರಾಣಾಂತಿಕ ವಿಷ, ಸ್ವಲ್ಪ ತಿಂದರೂ ಸಾಕು. ಬೇರುಸಹಿತ ಕೀಳಿಸಿ. ರಾಗಿ ಹೊಲದ ಅಂಚಿನ ಹರಳು ಗಿಡ, ಲಂಟಾನ ಪೊದೆ ಕೂಡ ಕುದುರೆಯ ಬಾಯಿಗೆ ಎಟುಕಬಾರದು.

ಕಾಗದಪತ್ರದ ವಿಷಯದಲ್ಲಿ ಅವಸರ ಬೇಡ. ಪಹಣಿ, ಮ್ಯುಟೇಷನ್, ಹಿಂದಿನ ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿ, ಸರ್ವೆಯವರಿಂದ ಹದ್ದುಬಸ್ತು ಮಾಡಿಸಿ. ದರಖಾಸ್ತಿನಲ್ಲಿ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಗೆ ಒಳಪಡುತ್ತದೆಯೇ ಎಂದು ವಕೀಲರಿಂದಲೇ ನೋಡಿಸಿ. ಪರಿಶಿಷ್ಟರಿಗೆ ಕೊಟ್ಟ ನೆಲವನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಆ ಕ್ರಯ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಕೆರೆ ಅಂಗಳ, ರಾಜಕಾಲುವೆ, ಗೋಮಾಳಕ್ಕೆ ಒಂದಡಿಯೂ ಚಾಚಬೇಡಿ. ಕೃಷಿ ಜಮೀನಿನಲ್ಲಿ ವಾಣಿಜ್ಯ ಕಟ್ಟಡ ಬರುವುದಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆ ಆಗಬೇಕು. ಕೃಷಿ ಜಮೀನನ್ನು ಗುತ್ತಿಗೆಗೆ ಹಿಡಿಯುವುದಕ್ಕೆ ಭೂಸುಧಾರಣಾ ಕಾಯ್ದೆಯಲ್ಲಿ ಕಟ್ಟುಪಾಡುಗಳಿವೆ, ಅದನ್ನೂ ಕೇಳಿ ತಿಳಿಯಿರಿ.

ನೀರು

ಕುದುರೆಯೊಂದಕ್ಕೆ ದಿನಕ್ಕೆ 25ರಿಂದ 40 ಲೀಟರ್ ಕುಡಿಯುವ ನೀರು ಬೇಕು, ಬೇಸಿಗೆಯಲ್ಲಿ ಕೆಲಸ ಮಾಡಿದ ದಿನ ಇನ್ನೂ ಹೆಚ್ಚು. ಅದಕ್ಕಿಂತ ಹೆಚ್ಚು ನೀರು ಕುಡಿಯುವುದು ಅರೀನಾ. 20x60 ಮೀಟರಿನ ಅರೀನಾದ ಮೇಲೆ ಐದು ಮಿ.ಮೀ. ನೀರು ಚಿಮುಕಿಸಿದರೆ 6,000 ಲೀಟರ್ ಆಯಿತು, ಒಂದು ಟ್ಯಾಂಕರ್. ಕೊಳವೆಬಾವಿಯನ್ನೇ ನಂಬಿ ಇದನ್ನು ಮಾಡುವುದು ಅಕ್ಕಪಕ್ಕದ ರೈತರಿಗೆ ಬಗೆಯುವ ದ್ರೋಹ.

ಮಳೆಯ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 600 ಮಿ.ಮೀ. ಮಳೆ ಎಂದು ಹಿಡಿದರೂ ಆ ಒಂದು ಅರೀನಾದ ಮೇಲೆಯೇ 7.2 ಲಕ್ಷ ಲೀಟರ್ ಬೀಳುತ್ತದೆ. ಅದರಲ್ಲಿ ಅರ್ಧ ಹಿಡಿದರೂ ಸಾಕಷ್ಟಾಯಿತು. ಅರೀನಾದ ಇಳಿಜಾರು, ಲಾಯದ ಸೂರು, ಎರಡರ ನೀರೂ ಒಂದೇ ಕೃಷಿ ಹೊಂಡಕ್ಕೆ ಬರುವಂತೆ ಮೊದಲ ದಿನವೇ ಕಾಲುವೆ ಗೀಚಿ. ಹೊಂಡದ ಸುತ್ತ ಬೇಲಿ ಕಡ್ಡಾಯ; ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಬಿದ್ದ ಮಗುವಾಗಲಿ ಕುದುರೆಯಾಗಲಿ ಹತ್ತಿ ಬರಲಾರದು.

ಜನ

ಜೆಸಿಬಿ ಬರುವ ಮುಂಚೆ ಬಳಗ ಕಟ್ಟಲು ಶುರುಮಾಡಿ. ಮೊದಲ ಸಭೆ ಗ್ರಾಮ ಪಂಚಾಯಿತಿಯಲ್ಲಿ ಆಗಲಿ, ಆಮೇಲೆ ಸುತ್ತಲಿನ ಹೊಲದವರ ಜಗಲಿಗಳಲ್ಲಿ. ಅವರ ಪ್ರಶ್ನೆಗಳು ನೇರವಾಗಿರುತ್ತವೆ. “ನಿಮ್ ಕುದ್ರೆ ನಮ್ ಹಸಕ್ಕೆ ಕಾಯ್ಲೆ ತರಲ್ವಾ ಸ್ವಾಮಿ?” “ಭಾನ್ವಾರ ಮೈಕ್ ಹಾಕ್ತೀರಾ?” “ನಮ್ ಹುಡುಗ್ರಿಗೂ ಕಲಿಸ್ತೀರಾ, ಇಲ್ಲ ಬೆಂಗ್ಳೂರೋರಿಗೆ ಮಾತ್ರಾನಾ?” ಮೂರನೇ ಪ್ರಶ್ನೆಗೆ ನೀವು ಕೊಡುವ ಉತ್ತರದ ಮೇಲೆ ಮೈದಾನ ಬಾಳುತ್ತದೋ ಇಲ್ಲವೋ ನಿಂತಿದೆ. ನನ್ನ ಪ್ರಕಾರ ಕಲಿಯುವ ಸೀಟುಗಳಲ್ಲಿ ಅರ್ಧ ಆ ಹೋಬಳಿಯ ಮಕ್ಕಳಿಗೆ ಮೀಸಲಿರಬೇಕು, ಆ ಖರ್ಚು ಬೆಂಗಳೂರಿನಿಂದ ಬರುವವರ ಶುಲ್ಕದಿಂದ ಹೊರಡಬೇಕು. ನಗರದಿಂದ ಒಂದೂವರೆ ಎರಡು ಗಂಟೆಯ ದಾರಿಯಲ್ಲಿ ಕುದುರೆ ಇಟ್ಟು ಸಾಕಿಸುವವರಿದ್ದಾರೆ. ಅವರು ಕೊಡುವ ತಿಂಗಳ ಹಣವೇ ಲಾಯದ ಬೆನ್ನುಮೂಳೆ. ಆದರೆ ಮಕ್ಕಳನ್ನು “ಸವಾರಿ ಕಲಿಸ್ತೀವಿ” ಎಂದು ಕರೆದು ಸಗಣಿ ಎತ್ತಿಸುವ ಕೆಲಸಕ್ಕೆ ಹಚ್ಚಬೇಡಿ. ತಮ್ಮ ಕುದುರೆಯ ಮೈ ಉಜ್ಜುವುದು, ಗೊರಸು ಕೆರೆದು ಶುಚಿ ಮಾಡುವುದು, ಜೀನು ಬಿಗಿಯುವುದು ಕಲಿಕೆಯ ಭಾಗ. ಲಾಯದ ದಿನಗೂಲಿ ಕೆಲಸ ದೊಡ್ಡವರದು, ಸಂಬಳ ಕೊಟ್ಟು ಮಾಡಿಸುವಂಥದ್ದು.

ಕುದುರೆ ನೋಡಿಕೊಳ್ಳುವ ಸಾಯಿಸ್‌ಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಕುಣಿಗಲ್ ಸುತ್ತಮುತ್ತ ತಲೆಮಾರುಗಳಿಂದ ಕುದುರೆಯ ನಡುವೆಯೇ ಬದುಕಿದ ಮನೆತನಗಳಿವೆ. ಕುದುರೆ ಮೇವು ಮುಟ್ಟದೆ ನಿಂತದ್ದನ್ನು, ಕಿವಿ ತಣ್ಣಗಾದದ್ದನ್ನು, ಒಂದು ಕಾಲಿಗೆ ಭಾರ ಹಾಕದಿರುವುದನ್ನು ಡಾಕ್ಟರಿಗಿಂತ ಮೊದಲು ಗಮನಿಸುವವರು ಅವರು. ಅಂಥವರಿಗೆ ಪಿ.ಎಫ್., ಇ.ಎಸ್.ಐ., ವಾರದ ರಜೆ, ಉಳಿಯಲು ಗಾಳಿ ಬೆಳಕಿರುವ ಮನೆ ಕೊಡಿ. ಸಾಯಿಸ್ ಮಲಗುವ ಕೋಣೆ ಕುದುರೆಯ ಲಾಯಕ್ಕಿಂತ ಕಳಪೆಯಾಗಿರುವ ಜಾಗಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಕುದುರೆಗಳೂ ಚೆನ್ನಾಗಿರುವುದಿಲ್ಲ.

ಲಾಳ ಕಟ್ಟುವವರು ಐದಾರು ವಾರಕ್ಕೊಮ್ಮೆ ಬರಲೇಬೇಕು. ಎತ್ತಿಗೆ ಲಾಳ ಹೊಡೆಯುವ ಕೈಚಳಕ ಇರುವವರು ನಮ್ಮ ಸಂತೆಗಳಲ್ಲಿ ಇನ್ನೂ ಇದ್ದಾರೆ, ಆದರೆ ಎತ್ತಿನ ಸೀಳುಗೊರಸೇ ಬೇರೆ, ಕುದುರೆಯ ಗೊರಸೇ ಬೇರೆ. ಆಸಕ್ತಿ ಇರುವ ಒಬ್ಬ ಯುವಕನನ್ನು ಅನುಭವಸ್ಥರ ಕೈಕೆಳಗೆ ಒಂದು ವರ್ಷ ಕಳಿಸಿ ಕಲಿಸಿದರೆ ಆತ ಇಡೀ ಜಿಲ್ಲೆಗೆ ಬೇಕಾದವನಾಗುತ್ತಾನೆ. ಸವಾರಿ ಕಲಿಸಲು ಮೈಸೂರಿನ ಅಶ್ವಾರೋಹಿ ಪೊಲೀಸ್ ದಳ, ಸೇನೆಯ ಕುದುರೆ ಘಟಕಗಳಿಂದ ನಿವೃತ್ತರಾದವರನ್ನು ವಿಚಾರಿಸಿ. ಅವರ ಶಿಸ್ತು ಹೊಸಬರಿಗೆ ಬೇಕು.

ಬಳಗಕ್ಕೊಂದು ರೂಪ ಬಂದ ಮೇಲೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿ. ಕಾರ್ಯಕಾರಿ ಸಮಿತಿಯಲ್ಲಿ ಜಮೀನಿನ ಪಕ್ಕದ ಒಬ್ಬ ರೈತ, ಒಬ್ಬ ಸಾಯಿಸ್, ಮಕ್ಕಳ ಪೋಷಕರಲ್ಲಿ ಒಬ್ಬ ತಾಯಿ ಇರಲೇಬೇಕು ಎಂದು ಬೈಲಾದಲ್ಲಿ ಬರೆಸಿ.

ಅರೀನಾ

ಮೇಲ್ಮಣ್ಣನ್ನು ಒಂದಡಿಯಷ್ಟು ತೆಗೆದು ಪಕ್ಕಕ್ಕೆ ಹಾಕಿ. ಮೇವಿನ ತಾಕಿಗೆ ಅದು ಚಿನ್ನ. ತಳವನ್ನು ನೂರಕ್ಕೆ ಒಂದರ ಇಳಿಜಾರಿಗೆ ತಂದು ರೋಲರ್ ಓಡಿಸಿ. ಮೇಲೆ ನಾಲ್ಕೈದು ಇಂಚು 40 ಮಿ.ಮೀ. ಜಲ್ಲಿ, ಅದರ ಮೇಲೆ ಎರಡು ಇಂಚು ಸಣ್ಣ ಜಲ್ಲಿ ಬೆರೆಸಿದ ಕ್ರಷರ್ ಪುಡಿ. ನೀರು ಹಾಕುತ್ತ ರೋಲರ್ ಓಡಿಸಿ, ಒಂದು ಮಳೆಗಾಲ ಹಾಗೇ ಬಿಡಿ. ಎಲ್ಲಿ ಕುಸಿಯುತ್ತದೋ ಅಲ್ಲಿ ತುಂಬಿ. ಈ ಒಂದು ಮಳೆಗಾಲದ ತಾಳ್ಮೆ ಯಾರಿಗೂ ಇರುವುದಿಲ್ಲ, ಆದರೆ ತಳ ಕುಸಿದ ಮೇಲೆ ಮೇಲಿನ ಮರಳೆಲ್ಲ ಬಾಚಿ ತೆಗೆದು ಮತ್ತೆ ಮಾಡುವುದು ಎರಡು ಪಟ್ಟು ಖರ್ಚು.

ಮೇಲ್ಪದರಕ್ಕೆ ತೊಳೆದ ಎಂ-ಸ್ಯಾಂಡ್. ಅದರ ಕಣಗಳಿಗೆ ಮೂಲೆಗಳಿರುವುದರಿಂದ ಒಂದಕ್ಕೊಂದು ಕಚ್ಚಿಕೊಂಡು ಕಾಲಿಗೆ ಹಿಡಿತ ಕೊಡುತ್ತದೆ. ಮೊದಲು ಎರಡು ಇಂಚು ಹಾಕಿ ಕುದುರೆ ನಡೆಸಿ ನೋಡಿ; ಕಡಿಮೆ ಅನಿಸಿದರೆ ಇನ್ನರ್ಧ ಇಂಚು, ಮತ್ತೆ ನೋಡಿ. ಮೂರು ಇಂಚು ದಾಟಬೇಡಿ, ಆಳದ ಮರಳಿನಲ್ಲಿ ಎಳೆದಾಡಿದರೆ ಕಾಲಿನ ಸ್ನಾಯುರಜ್ಜುಗಳು ಉಳುಕುತ್ತವೆ. ಏಳು ಸೆಂ.ಮೀ. ಹಾಕಿದರೆ 20x60 ಅರೀನಾಗೆ 84 ಘನ ಮೀಟರ್ ಮರಳು. ಬರೀ ಮರಳು ಬೇಗ ಒಣಗಿ ಧೂಳೇಳುತ್ತದೆ. ಇಲ್ಲೇ ನಮ್ಮ ಜಿಲ್ಲೆಗೆ ಅದೃಷ್ಟವಿದೆ: ತಿಪಟೂರು, ತುರುವೇಕೆರೆ ಕಡೆ ತೆಂಗಿನ ನಾರಿನ ಘಟಕಗಳಿವೆ. ನಾರನ್ನು ಎರಡು ಮೂರು ಇಂಚಿಗೆ ಕತ್ತರಿಸಿ ಮರಳಿಗೆ ಬೆರೆಸಿದರೆ ಪದರ ಬಿಗಿಯಾಗುತ್ತದೆ, ನೀರು ಹಿಡಿಯುತ್ತದೆ. ಉದ್ದ ನಾರು ಹಲುಬೆಗೆ ಸುತ್ತಿಕೊಳ್ಳುತ್ತದೆ, ಬೇಡ. ನಾರಿನ ಪುಡಿ ಅತಿಯಾದರೆ ಮಳೆಯಲ್ಲಿ ಜಾರುತ್ತದೆ. ನಾರು ಕೊಳೆಯುವ ವಸ್ತು, ಆಗಾಗ ಹೊಸದು ಸೇರಿಸುತ್ತಿರಬೇಕು.

ಡ್ರೆಸಾಜ್‌ನಲ್ಲಿ ಎಲ್ಲಿ ಏನು ಮಾಡಬೇಕೆಂದು ಸವಾರರಿಗೆ ತಿಳಿಯಲು ಅರೀನಾದ ಅಂಚಿಗೆ ಅಕ್ಷರಗಳನ್ನು ಇಡುತ್ತಾರೆ. 20x40 ಅರೀನಾದಲ್ಲಿ ಉದ್ದನೆಯ ಬದಿಗೆ ಮೂಲೆಯಿಂದ 6 ಮೀಟರಿಗೆ ಮೊದಲನೆಯದು, ಅಲ್ಲಿಂದ 14ಕ್ಕೆ ನಡುವಿನದು, ಮತ್ತೆ 14ಕ್ಕೆ ಮೂರನೆಯದು. ಶುರುವಿಗೆ ಸುಣ್ಣದ ಗೆರೆ, ಬಣ್ಣ ಬಳಿದ ಡಬ್ಬಗಳೇ ಸಾಕು.

ಲಾಯ ಮತ್ತು ಮೇವು

ಒಂದು ಕುದುರೆಗೆ 12x12 ಅಡಿ. ಸೂರು ಎತ್ತರವಾಗಿ, ಹೆಂಚಿನದಾಗಿ, ಎದುರು ಬದುರು ಗಾಳಿ ಆಡುವಂತಿರಲಿ. ತಗಡಿನ ಕೆಳಗೆ ಮಾರ್ಚ್ ತಿಂಗಳಲ್ಲಿ ಕುದುರೆ ಬೇಯುತ್ತದೆ. ತುಮಕೂರು ಜಿಲ್ಲೆಯಲ್ಲಿ ಚಿರತೆ ಓಡಾಡದ ತಾಲ್ಲೂಕು ಕಡಿಮೆ. ರಾತ್ರಿ ಮರಿಗಳನ್ನೂ ಪೋನಿಗಳನ್ನೂ (ಗಿಡ್ಡ ತಳಿಯ ಕುದುರೆ) ಬಯಲಲ್ಲಿ ಬಿಡಬೇಡಿ, ಕಿಟಕಿಗೆ ಸರಳು ಹಾಕಿಸಿ.

ಮೇವಿನ ವಿಷಯದಲ್ಲಿ ನಿಂತು ಮಾತಾಡಬೇಕು, ಏಕೆಂದರೆ ಹಸು ಸಾಕಿ ಅನುಭವವಿರುವ ಊರಿನಲ್ಲಿ ಆಗುವ ಅನಾಹುತಗಳೆಲ್ಲ ಇಲ್ಲಿಯೇ. ಕುದುರೆ ಮೆಲುಕು ಹಾಕುವುದಿಲ್ಲ, ವಾಂತಿ ಮಾಡಲಾರದು. ತಿಂದದ್ದು ಕೆಟ್ಟದ್ದಾದರೆ ಹೊಟ್ಟೆನೋವಿನಲ್ಲಿ ಹೊರಳಾಡಿ ಕರುಳು ತಿರುಚಿ ಸಾಯಬಹುದು. ಹಸು ಕೋಳಿಗಳಿಗೆ ಬರುವ ಕೆಲವು ಸಿದ್ಧ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ಹಸುವಿಗೂ ಕೋಳಿಗೂ ಅದು ತಾಳುತ್ತದೆ, ಕುದುರೆಗೆ ಸಣ್ಣ ಪ್ರಮಾಣವೂ ಹೃದಯವನ್ನು ಕೆಡಿಸಿ ಕೊಲ್ಲುತ್ತದೆ. ಹಾಗಾಗಿ ಡೇರಿ ಚೀಲ, ಕೋಳಿ ಫೀಡಿನ ಚೀಲ ಲಾಯದ ಮೇವಿನ ಮನೆಯೊಳಗೆ ಕಾಲಿಡಬಾರದು. ಒಂದೇ ಬಾಂಡಲಿಯಲ್ಲಿ ಎರಡಕ್ಕೂ ಕಲಸಬಾರದು.

ಎರಡನೆಯದು ನೇಪಿಯರ್ ಹುಲ್ಲು. ಹಾಲಿನ ಹಸುಗಳಿಗೆಂದು ಎಲ್ಲರ ಹೊಲದ ಅಂಚಿನಲ್ಲೂ ಇದೆ, ಕೇಳಿದರೆ ಕೊಯ್ದು ಕೊಡುತ್ತಾರೆ. ಅದರ ಆಕ್ಸಲೇಟ್ ಕುದುರೆಯ ದೇಹಕ್ಕೆ ಸುಣ್ಣದ ಅಂಶ ಸೇರದಂತೆ ತಡೆಯುತ್ತದೆ. ತಿಂಗಳುಗಟ್ಟಲೆ ಅದನ್ನೇ ಹಾಕಿದರೆ ಎಲುಬು ಸವೆದು, ಮುಖದ ಮೂಳೆ ಊದಿ, ಕುದುರೆ ಕುಂಟತೊಡಗುತ್ತದೆ. ಬರೀ ಗೋಧಿ ಬೂಸಾ ಸುರಿದರೂ ರಂಜಕ ಹೆಚ್ಚಾಗಿ ಅದೇ ಕಥೆ. ಹಾಗಾದರೆ ಏನು ಕೊಡಬೇಕು? ಒಣಗಿಸಿದ ರೋಡ್ಸ್ ಹುಲ್ಲು, ಗರಿಕೆ ಬುಡವಾಗಿರಲಿ. ಜೊತೆಗೆ ಒಂದು ಪಾಲು ಕುದುರೆಮಸಾಲೆ ಸೊಪ್ಪು (ಲೂಸರ್ನ್), ಸ್ವಲ್ಪ ಒಳ್ಳೆಯ ರಾಗಿ ಹುಲ್ಲು. ದಿನಕ್ಕೆ ಕುದುರೆಯ ತೂಕದ ನೂರಕ್ಕೆ ಎರಡರಷ್ಟು ಒಣಮೇವು, ಅಂದರೆ 450 ಕೆ.ಜಿ.ಗೆ 9 ಕೆ.ಜಿ. ಕೆಲಸ ಹೆಚ್ಚಿದ್ದವಕ್ಕೆ ಓಟ್ಸ್, ಬಾರ್ಲಿ, ಬೇಯಿಸಿ ಆರಿಸಿದ ಹುರುಳಿ. ಮೇವನ್ನು ಮರಳು ನೆಲದ ಮೇಲೆ ಹಾಕಬೇಡಿ, ಮರಳು ಹೊಟ್ಟೆ ಸೇರಿ ಗಂಟಾಗುತ್ತದೆ. ಕಲ್ಲುಪ್ಪು ಸದಾ ನೆಕ್ಕಲು ಸಿಗಲಿ.

ಸಗಣಿಯನ್ನು ಲಾಯದಿಂದ ದೂರ ಗುಂಡಿಗೆ ಹಾಕಿ ಗೊಬ್ಬರ ಮಾಡಿ ಅಕ್ಕಪಕ್ಕದ ತೋಟಗಳಿಗೆ ಕೊಡಿ. ನೊಣ ಕಡಿಮೆಯಾಗುತ್ತದೆ, ನೆರೆಹೊರೆಯವರ ಸ್ನೇಹ ಹೆಚ್ಚುತ್ತದೆ. ದೊಡ್ಡ ನೊಣಗಳು ಕಚ್ಚಿ ಹರಡುವ ಸರ್ರಾ ಜ್ವರ ಕುದುರೆಗೆ ಮಾರಕ.

ಕುದುರೆಗಳು

ನಾಲ್ಕರಿಂದ ಶುರುಮಾಡಿ. ಎರಡು ಶಾಂತ ಸ್ವಭಾವದ ವಯಸ್ಸಾದ ಕುದುರೆ, ಮಕ್ಕಳಿಗೆ ಒಂದು ಪೋನಿ, ಒಂದು ರೇಸಿನಿಂದ ನಿವೃತ್ತವಾದ ಥರೋಬ್ರೆಡ್. ರೇಸಿನಿಂದ ಬಂದ ಕುದುರೆ ಅಗ್ಗಕ್ಕೆ ಸಿಗುತ್ತದೆ, ಓಟಕ್ಕೆ ಹೇಳಿ ಮಾಡಿಸಿದ ಮೈ. ಆದರೆ ಅದಕ್ಕೆ ಕಲಿಸಿರುವುದು ಮುಂದೆ ನುಗ್ಗುವುದನ್ನು ಮಾತ್ರ. ಮೂರರಿಂದ ಆರು ತಿಂಗಳು ಬಯಲಲ್ಲಿ ಮೇಯಲು ಬಿಟ್ಟು, ಹೊಟ್ಟೆಹುಣ್ಣು, ಕಾಲು, ಹಲ್ಲು ನೋಡಿಸಿ, ಆಮೇಲೆ ಹೊಸದಾಗಿ ನಡಿಗೆಯಿಂದ ಕಲಿಸಬೇಕು. ಹೊಸಬರನ್ನು ಅದರ ಮೇಲೆ ಕೂರಿಸಬೇಡಿ. ರಾಗಿ ಹೊಲದಿಂದ ನವಿಲು ಒಮ್ಮೆಗೇ ಬುರ್ರನೆ ಎದ್ದಾಗ ಅದು ಏನು ಮಾಡುತ್ತದೆ ಎಂದು ಅನುಭವಸ್ಥರು ಮೊದಲು ತಿಳಿಯಲಿ.

ಹೊಸ ಕುದುರೆ ಬಂದರೆ ಎರಡು ವಾರ ಬೇರೆ ಕಟ್ಟಿ. ಗ್ಲ್ಯಾಂಡರ್ಸ್ ಪರೀಕ್ಷೆಯ ವರದಿ ಇಲ್ಲದೆ ಒಳಗೆ ಬಿಡಬೇಡಿ. ಅದು ಮನುಷ್ಯರಿಗೂ ತಗಲುವ ರೋಗ. ಇನ್‌ಫ್ಲುಯೆಂಜಾ, ಧನುರ್ವಾಯು ಲಸಿಕೆಗಳ ದಾಖಲೆ ಪ್ರತಿ ಕುದುರೆಯ ಹೆಸರಲ್ಲಿ ಪುಸ್ತಕದಲ್ಲಿರಲಿ.

ಕ್ರಾಸ್ ಕಂಟ್ರಿ ತಡೆಗಳು

ಇಷ್ಟಾದ ಮೇಲೆ ಜಂಪು. ಮೊದಲ ತಡೆ ಒಂದು ದಿಮ್ಮಿಯಾಗಿರಲಿ, ಅದನ್ನು ಹೇಗೆ ಕಟ್ಟಬೇಕೆಂದು ವಿವರವಾಗಿ ಹೇಳುತ್ತೇನೆ. ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ.

ಜಾಲಿ ಅಥವಾ ನೀಲಗಿರಿಯ 35ರಿಂದ 40 ಸೆಂ.ಮೀ. ದಪ್ಪದ, ನಾಲ್ಕು ಮೀಟರ್ ಉದ್ದದ ದಿಮ್ಮಿ ತನ್ನಿ. ತೆಂಗಿನ ಬೊಡ್ಡೆ ಧಾರಾಳವಾಗಿ ಸಿಗುತ್ತದೆ, ಆದರೆ ಒಳಗೆ ಮೆತ್ತಗಿದ್ದು ಗೆದ್ದಲಿಗೆ ಬೇಗ ತುತ್ತಾಗುತ್ತದೆ, ಒಂದೆರಡು ವರ್ಷದ ತಾತ್ಕಾಲಿಕ ತಡೆಗೆ ಸರಿ. ತೊಗಟೆ ಸುಲಿದು, ಗಂಟು ಕೊಂಬೆಗಳನ್ನು ನಯವಾಗಿ ಕೆತ್ತಿ, ಒಂದು ಮೊಳೆಯೂ ಉಳಿಯದಂತೆ ಕೈಯಾಡಿಸಿ ನೋಡಿ. ದಿಮ್ಮಿಯ ಕೆಳಗೆ ಎರಡು ಕಡೆ ಅಡ್ಡತುಂಡು ಕೊಟ್ಟು 60 ಸೆಂ.ಮೀ. ಎತ್ತರಕ್ಕೆ ತನ್ನಿ. ಹಿಂದಿನಿಂದ ಗೂಟ ಹುಗಿದು, ತಂತಿಹಗ್ಗದಿಂದ ಬಿಗಿದು, ಗೂಟದ ತಲೆಯನ್ನು ದಿಮ್ಮಿಯ ಮಟ್ಟಕ್ಕಿಂತ ಕೆಳಗೆ ಕತ್ತರಿಸಿ ಮೂಲೆ ಉರುಟಾಗಿಸಿ. ದಿಮ್ಮಿ ಎಳ್ಳಷ್ಟೂ ಉರುಳಬಾರದು. ಕೆಳಗಿನ ಸಂದಿಗೆ ಮಣ್ಣು ತುಂಬಿ ಗಟ್ಟಿ ಮಾಡಿ. ಗೊರಸು ತೂರುವ ಸಂದಿ ಇದ್ದರೆ ಕಾಲು ಮುರಿಯುತ್ತದೆ. ಮುಂದೆ ಒಂದು ಗೇಣು ದೂರದಲ್ಲಿ ನೆಲಕ್ಕೆ ಅಂಟಿ ಸಣ್ಣ ಗಳು ಇಡಿ, ಕುದುರೆ ಎಲ್ಲಿಂದ ಎಗರಬೇಕೆಂದು ಅಳೆಯುವುದು ಅದರಿಂದ. ಎಗರುವ ಕಡೆ, ಇಳಿಯುವ ಕಡೆ ಐದೈದು ಮೀಟರ್ ನೆಲವನ್ನು ಅರ್ಧ ಅಡಿ ಅಗೆದು ಗರಸು, ಎಂ-ಸ್ಯಾಂಡ್, ನಾರು ಬೆರೆಸಿ ತುಂಬಿ. ಬಲಗಡೆ ಕೆಂಪು ಬಾವುಟ, ಎಡಗಡೆ ಬಿಳಿ. ಪಕ್ಕದಲ್ಲೇ 45 ಮತ್ತು 75 ಸೆಂ.ಮೀ.ನ ದಿಮ್ಮಿಗಳನ್ನು ಇದೇ ರೀತಿ ಕಟ್ಟಿದರೆ ಒಂದೇ ಜಾಗದಲ್ಲಿ ಮೂರು ಮಟ್ಟದವರು ಕಲಿಯಬಹುದು.

ಬದುಗಳೇ ಏರಿ ಇಳಿಯುವ ತಡೆಗಳಾಗುತ್ತವೆ. 30ರಿಂದ 50 ಸೆಂ.ಮೀ. ಎತ್ತರಕ್ಕೆ ಕಡಿದು, ಮುಖಕ್ಕೆ ಮರದ ದಪ್ಪ ಹಲಗೆ ಕೊಡಿ. ಕಲ್ಲು ಕಟ್ಟಬೇಡಿ, ಮೊಣಕಾಲು ಬಡಿಯುತ್ತದೆ. ಒಂದು ಸಣ್ಣ ಗುಂಡಿ, ಈಚಲು ಗರಿ ಕಟ್ಟಿದ ಒಂದು ಪೊದೆಬೇಲಿ ಸೇರಿಸಿ. ಎರಡು ತಡೆ ಹತ್ತಿರ ಹತ್ತಿರ ಬಂದರೆ ಕುದುರೆಯ ಕ್ಯಾಂಟರ್ (ಹದವಾದ ಓಟ) ಹೆಜ್ಜೆ ಸುಮಾರು 3.6 ಮೀಟರ್ ಎಂಬುದನ್ನು ನೆನಪಿಡಿ. ನಡುವೆ ಒಂದು ಹೆಜ್ಜೆಗೆ 7 ಮೀಟರ್ ಆಸುಪಾಸು, ಪೋನಿಗೆ ಕಡಿಮೆ. ನೀರಿನ ತಡೆ ಎಲ್ಲಕ್ಕಿಂತ ಕೊನೆಗೆ. 8x10 ಮೀಟರಿನ ಕೊಳಕ್ಕೆ 20 ಸೆಂ.ಮೀ. ನೀರು ತುಂಬಲು 16,000 ಲೀಟರ್ ಬೇಕು. ತಳಕ್ಕೆ ಜಲ್ಲಿ ಹಾಸಿ ಬಿಗಿ ಮಾಡಿ, ಕೆಲಸ ಮುಗಿದ ದಿನ ಆ ನೀರು ಕುದುರೆಮಸಾಲೆ ತಾಕಿಗೆ ಹರಿಯುವಂತೆ ತೂಬು ಇಡಿ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೂ ನೀರು 35 ಸೆಂ.ಮೀ. ಮೀರುವಂತಿಲ್ಲ. ಬಾವಿಯಂಥ ಆಳ ಯಾರಿಗೂ ಬೇಡ.

ಮೊದಲ ಕೋರ್ಸ್ 1,200 ಮೀಟರ್, ಹತ್ತು ಹನ್ನೆರಡು ತಡೆ. ನಿಮಿಷಕ್ಕೆ 350 ಮೀಟರ್ ವೇಗದಲ್ಲಿ 3 ನಿಮಿಷ 26 ಸೆಕೆಂಡ್. ಶೋ ಜಂಪಿಂಗ್ ಕಂಬಗಳಿಗೆ ಮೂರೂವರೆ ಮೀಟರಿನ ನೀಲಗಿರಿ ಗಳು ಸಾಕು. ತೊಗಟೆ ಸುಲಿದು, ನೆರಳಲ್ಲಿ ಒಣಗಿಸಿ, ಪಟ್ಟೆ ಪಟ್ಟೆ ಬಣ್ಣ ಬಳಿಯಿರಿ. ಅಗಲದ ತಡೆಯಲ್ಲಿ ಹಿಂದಿನ ಕಂಬಕ್ಕೆ ತೂಕ ಬಿದ್ದೊಡನೆ ಕಳಚುವ ಸೇಫ್ಟಿ ಕಪ್ ಹಾಕದೆ ಯಾರನ್ನೂ ಜಂಪು ಮಾಡಿಸಬೇಡಿ.

ಹೆಲ್ಮೆಟ್, ಎದೆ ಬೆನ್ನು ಕಾಯುವ ಬಾಡಿ ಪ್ರೊಟೆಕ್ಟರ್ ಇಲ್ಲದೆ ಕ್ರಾಸ್ ಕಂಟ್ರಿ ಇಲ್ಲ. ಒಬ್ಬರೇ ಹೋಗುವುದೂ ಇಲ್ಲ. ತಲೆಗೆ ಪೆಟ್ಟಾಗಿ ಬಿದ್ದವರು “ಏನೂ ಆಗಿಲ್ಲ” ಎಂದರೂ ಅವತ್ತು ಮತ್ತೆ ಕುದುರೆ ಹತ್ತುವಂತಿಲ್ಲ, ಡಾಕ್ಟರು ನೋಡಬೇಕು.

ಮೊದಲ ಸ್ಪರ್ಧೆ

ಒಂದು ವರ್ಷ ಬರೀ ಡ್ರೆಸಾಜ್ ಮತ್ತು ಜಂಪಿಂಗ್ ಸೇರಿಸಿ ಸಣ್ಣ ಕೂಟಗಳನ್ನು ನಡೆಸಿ. ತೀರ್ಪು, ಸಮಯ, ಮೈಕು, ಊಟ ಎಲ್ಲ ಕೈಗೆ ಹತ್ತಲಿ. ಕ್ರಾಸ್ ಕಂಟ್ರಿ ಸೇರಿದ ಮೊದಲ ಈವೆಂಟನ್ನು ಸಂಕ್ರಾಂತಿ ಕಳೆದು ಶಿವರಾತ್ರಿಗೆ ಮುಂಚೆ ಇಟ್ಟುಕೊಳ್ಳಿ. ರಾಗಿ ಕಣ ಮುಗಿದಿರುತ್ತದೆ, ಅವರೆ ಬಿಡಿಸಿಯಾಗಿರುತ್ತದೆ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಉಳಿದಿರುತ್ತದೆ, ಬೆಳಗಿನ ಹವೆ ತಂಪು. ಶಿವರಾತ್ರಿ ಹತ್ತಿರವಾದರೆ ಸಿದ್ಧಗಂಗೆ ಜಾತ್ರೆ, ದನಗಳ ಪರಿಷೆ. ಊರಿನ ಗಮನವೆಲ್ಲ ಆ ಕಡೆ. ನಿಮ್ಮ ಜಾಗ ಸಾಲದಿದ್ದರೆ ಕೊಯ್ಲಾದ ಪಕ್ಕದ ಹೊಲದ ಅಂಚಿನಲ್ಲಿ ಓಟದ ಪಟ್ಟಿ ಕೇಳಬಹುದು. ರಾಗಿ ಕೂಳೆಯ ನೆಲ ಕುದುರೆಯ ಕಾಲಿಗೆ ಹಿತ. ಆ ದಿನಕ್ಕೆಂದು ಬರೆದ ಒಪ್ಪಿಗೆ ಪತ್ರ, ಮುಂಚಿತವಾಗಿ ಕೊಟ್ಟ ಹಣ, ಎರಡೂ ಇರಲಿ.

ಪ್ರತಿ ತಡೆಯ ಬಳಿ ಒಬ್ಬ ತೀರ್ಪುಗಾರರು, ವಾಕಿಟಾಕಿ, ಸೀಟಿ, ಬಾವುಟ. ಪದವಿ ಕಾಲೇಜಿನ ಎನ್ಎಸ್ಎಸ್ ಹುಡುಗ ಹುಡುಗಿಯರು ಈ ಕೆಲಸವನ್ನು ಎರಡು ತರಬೇತಿಯಲ್ಲಿ ಕಲಿಯುತ್ತಾರೆ. ಆಂಬುಲೆನ್ಸ್ ಮೈದಾನದಲ್ಲೇ ನಿಂತಿರಬೇಕು, 108ಕ್ಕೆ ಫೋನ್ ಮಾಡಿ ಕಾಯುವುದಲ್ಲ. ಅದು ಹೊರಟುಹೋದರೆ ಮರಳುವವರೆಗೆ ಆಟ ನಿಲ್ಲಬೇಕು. ಪಶುವೈದ್ಯರು, ಕುದುರೆ ಸಾಗಿಸುವ ಗಾಡಿ, ಪೆಟ್ಟಾದ ಕುದುರೆಯನ್ನು ಮರೆ ಮಾಡಲು ದೊಡ್ಡ ಪರದೆ ಸಿದ್ಧವಿರಲಿ. ಜನ ನಿಲ್ಲುವ ಕಡೆಗೆ ಹಗ್ಗ ಕಟ್ಟಿ, ಪಟಾಕಿ, ಡ್ರೋನ್ ಬೇಡವೆಂದು ಹಿಂದಿನ ದಿನವೇ ಊರಲ್ಲಿ ಸಾರಿಸಿ.

ಓಟ ಮುಗಿಸಿ ಬಂದ ಕುದುರೆಗೆ ಜೀನು ಕಳಚಿ, ನೆರಳಿಗೆ ತಂದು, ಮೈಮೇಲೆ ಒಂದೇ ಸಮನೆ ತಣ್ಣೀರು ಸುರಿಯುತ್ತಿರಿ. ತಣ್ಣೀರಿನಿಂದ ಕುದುರೆಗೆ ಸೆಡೆತ ಬರುತ್ತದೆ ಎಂಬ ಹಳೆಯ ನಂಬಿಕೆಗೆ ಆಧಾರವಿಲ್ಲ. ವಿಶ್ರಾಂತಿಯಲ್ಲಿ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಮೈ ಶಾಖ 37.5ರಿಂದ 38.5 ಡಿಗ್ರಿ. ಹತ್ತು ಹದಿನೈದು ನಿಮಿಷದಲ್ಲಿ ನಾಡಿ 64ಕ್ಕಿಂತ ಕೆಳಗಿಳಿಯದಿದ್ದರೆ ವೈದ್ಯರು ನೋಡಲಿ, ಅವರು ಬೇಡವೆಂದರೆ ಆ ಕುದುರೆಗೆ ಶೋ ಜಂಪಿಂಗ್ ಇಲ್ಲ. ಸವಾರರು ಎಷ್ಟೇ ದೂರದಿಂದ ಬಂದಿರಲಿ, ಈ ಮಾತಿಗೆ ಎರಡಿಲ್ಲ.

ಮಾರನೇ ದಿನ ಬಳಗವೆಲ್ಲ ಸೇರಿ ಗೊರಸಿನಿಂದ ಕಿತ್ತುಬಂದ ಹೆಂಟೆಗಳನ್ನು ತುಳಿದು ಮುಚ್ಚಿ, ಬಾವುಟ ಹಗ್ಗ ಸುತ್ತಿಡಿ. ಪಕ್ಕದ ಹೊಲ ಬಳಸಿದ್ದರೆ ಅವರು ಮುಂದಿನ ಉಳುಮೆಗೆ ಇಳಿಯುವ ಮುಂಚೆ ಒಂದು ಕಡ್ಡಿಯೂ ಉಳಿಯದಂತೆ ತೆಗೆದು, ಮುರಿದ ಬದುವನ್ನು ಕಟ್ಟಿಸಿಕೊಡಿ. ಯಾವ ತಡೆಯಲ್ಲಿ ಎಷ್ಟು ಕುದುರೆ ನಿಂತವು, ಯಾಕೆ ನಿಂತವು ಎಂದು ತೀರ್ಪುಗಾರರ ಚೀಟಿ ನೋಡಿ ಬರೆದಿಡಿ. ಮೂರ್ನಾಲ್ಕು ಕುದುರೆ ಒಂದೇ ಕಡೆ ನಿಂತಿದ್ದರೆ ತಪ್ಪು ಕುದುರೆಯದಲ್ಲ, ತಡೆಯ ಜಾಗದ್ದು ಅಥವಾ ಎದುರು ಬಿಸಿಲಿನದು. ಎರಡು ಮೂರು ವರ್ಷ ಹೀಗೆ ಸುರಕ್ಷಿತವಾಗಿ ನಡೆದ ಮೇಲೆ ಭಾರತೀಯ ಅಶ್ವಾರೋಹಣ ಫೆಡರೇಷನ್‌ನ ಮಾನ್ಯತೆ ಕೇಳಿ, ಅವರ ಕೋರ್ಸ್ ಡಿಸೈನರ್ ಬಂದು ನೋಡಿ ಹೇಳಿದ ಬದಲಾವಣೆಗಳನ್ನು ಮುಂದಿನ ಮಳೆಗಾಲಕ್ಕೆ ಮುಂಚೆ ಮುಗಿಸಿ.